ಋಣವೂ ಲೇಖನಿಯೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಬರೆಯುವ ಪತ್ರಗಳಲ್ಲಿ ಮದುವೆ, ನೌಕರಿ, ಮಕ್ಕಳ ನಾಮಕರಣ ಅಥವಾ ದೀಕ್ಷಾಸ್ನಾನ, ಹಿರಿಯರ ಮರಣ ಇವೇ ಮೊದಲಾದ ಸಮಾಚಾರಗಳಿರುವದು ವಾಡಿಕೆ. ಕಳೆದ ಕೆಲವು ವರ್ಷಗಳಿಂದ ಇವುಗಳ ನಡುವೆ ಬೇರೊಂದು ಬಗೆಯ ಪತ್ರಗಳೂ ಬರತೊಡಗಿವೆ. ಅವುಗಳಲ್ಲಿ ಒಂದರ ಸಾರವನ್ನು ಬರೆದಾಕೆಯ ಅನುಮತಿಯಿಂದ ಇಲ್ಲಿ ಕೊಡುವೆವು. ಹೆಸರನ್ನೂ ಊರನ್ನೂ ಮಾತ್ರ ಹೇಳುವದಿಲ್ಲ. ಅಂಕೋಲೆಯ ಕಡೆಯ ಹೆಣ್ಣುಮಗಳು ಎಂದಷ್ಟೇ ತಿಳಿದರೆ ಸಾಕು.

"ಅಕ್ಕೋರೇ, ನಿಬಂಧದಲ್ಲಿ ನೀವು ನನಗೆ ಯಾವಾಗಲೂ ಹೆಚ್ಚು ಗುಣಗಳನ್ನು ಕೊಡುತ್ತಿದ್ದಿರಿ. ಈಗ ನಮಗೆ ಸಾಲವಾಗಿದೆ. ಮನೆ ಬಿಟ್ಟು ಹೊರಗೆ ದುಡಿಯುವಂತೆ ಇಲ್ಲ. ಬರೆದು ಹಣ ಗಳಿಸುವದಕ್ಕೆ ಬರುತ್ತದೆಯೋ, ತಾವು ಹೇಳಬೇಕು."

ಇಂಥ ಪ್ರಶ್ನೆಗೆ ಒಂದು ಕಾಗದದಲ್ಲಿ ಉತ್ತರ ಬರೆದು ಮುಗಿಸಲಾಗದು. ಆದುದರಿಂದ ನಾವು ಆಕೆಯನ್ನು ಕರೆಯಿಸಿಕೊಂಡು ಕುಳಿತು ಮಾತಾಡಿದೆವು; ಅಂದಿನಿಂದ ಎರಡು ವರ್ಷ ಆಕೆಯ ಲೆಕ್ಕದ ವಹಿಯನ್ನೂ ಹಸ್ತಪ್ರತಿಗಳನ್ನೂ ನೋಡುತ್ತ ಬಂದಿರುವೆವು. ಆಕೆಯಂತೆಯೇ ಕೇಳಿದವರು, ಕೇಳಬೇಕೆಂದು ಸಂಕೋಚಪಟ್ಟವರು ಇನ್ನೂ ಹಲವರು ಇರುವದರಿಂದ ಈ ಸಂಚಿಕೆಯ ಕೆಲವು ಪುಟಗಳನ್ನು ಅದಕ್ಕೆ ಮೀಸಲಿಡುವೆವು.

ನಮ್ಮ ಕರಾವಳಿಯಲ್ಲಿ ಸಾಲಕ್ಕೆ ಒಂದು ಋತುವಿದೆ ಎಂದರೆ ಆಶ್ಚರ್ಯವಲ್ಲ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿವಸ ಯಂತ್ರದ ದೋಣಿಗಳು ಕಡಲಿಗೆ ಇಳಿಯಬಾರದೆಂಬ ನಿಷೇಧವಿದೆ. ಮೀನಿನ ಸಂತತಿ ಉಳಿಯುವದಕ್ಕೆ ಅದು ಅವಶ್ಯ. ಅದನ್ನು ಮೀನುಗಾರರೇ ನಮಗಿಂತ ಚೆನ್ನಾಗಿ ಬಲ್ಲರು. ಆದರೆ ಅದೇ ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುತ್ತವೆ. ಪುಸ್ತಕ, ಉಡುಪು, ಛತ್ರಿ, ಫೀ ಎಲ್ಲವೂ ಒಮ್ಮೆಗೇ ಬರುತ್ತವೆ. ಮಾಡು ಸೋರುವದೂ ಆಗಲೇ. ನಮ್ಮ ಕಚೇರಿಯ ಎದುರಿನ ಬೆಂಚಿನ ಮೇಲೆ ಆ ದಿವಸಗಳಲ್ಲಿ ಕುಳಿತಿರುವ ತಾಯಂದಿರ ಕೈಗಳನ್ನು ನೋಡಿದರೆ ಯಾರ ಬಳೆ ಒತ್ತೆಗೆ ಹೋಗಿದೆ ಎಂಬುದು ಕೇಳದೆಯೇ ತಿಳಿಯುವದು. ನಮ್ಮ ಈ ಶಿಷ್ಯೆಯ ಮನೆಯಲ್ಲಿಯೂ ಹಾಗೆಯೇ ಆಯಿತು. ಗಂಡನಿಗೆ ಒಂದು ದೋಣಿಯಲ್ಲಿ ಪಾಲು, ಇಂಜಿನ್ ಕೆಟ್ಟಿತು, ಅತ್ತೆಯವರು ಅದೇ ಮಳೆಗಾಲದಲ್ಲಿ ಹಾಸಿಗೆ ಹಿಡಿದರು. ಒಬ್ಬ ಸಾವಕಾರನಿಂದ ನೂರಕ್ಕೆ ತಿಂಗಳಿಗೆ ಮೂರರ ಬಡ್ಡಿಯಂತೆ 40,000 ರೂಪಾಯಿ ತೆಗೆದುಕೊಂಡರು. ಅದು ಸಾಲದೆ, ವಾರವಾರ ಹಫ್ತೆ ವಸೂಲು ಮಾಡುವ ಒಂದು ಸಾಲದ ಸಂಸ್ಥೆಯಿಂದ ಇನ್ನಷ್ಟು.

ಸತ್ಯವೇದದಲ್ಲಿ ಎರಡನೆಯ ಅರಸುಗಳ ಪುಸ್ತಕದ ನಾಲ್ಕನೆಯ ಅಧ್ಯಾಯವು ಒಬ್ಬ ಸಾಲಗಾರ ವಿಧವೆಯ ಕಥೆಯಿಂದ ಆರಂಭವಾಗುತ್ತದೆ. ಸಾಲ ಕೊಟ್ಟವನು ಅವಳ ಇಬ್ಬರು ಗಂಡುಮಕ್ಕಳನ್ನು ದಾಸರಾಗಿ ಒಯ್ಯಲು ಬಂದಿದ್ದಾನೆ. ಪ್ರವಾದಿಯಾದ ಎಲೀಷನು ಅವಳ ದುಃಖವನ್ನು ಕೇಳಿ, ನಿನ್ನ ಮನೆಯಲ್ಲಿ ಏನಿದೆ ಎಂದು ವಿಚಾರಿಸುತ್ತಾನೆ. ಒಂದು ಮೊಗೆ ಎಣ್ಣೆಯ ಹೊರತು ಏನೂ ಇಲ್ಲ. ನೆರೆಯವರಿಂದ ಬರಿದಾದ ಪಾತ್ರೆಗಳನ್ನು ತಂದು ತುಂಬಿಸು ಎನ್ನುತ್ತಾನೆ. ಎಣ್ಣೆ ತುಂಬಿದ ಮೇಲೆ ಅವನು ಹೇಳಿದ ಕ್ರಮವನ್ನು ನಮ್ಮ ಹುಡುಗಿಯರು ಬಹಳ ಮಟ್ಟಿಗೆ ಮರೆಯುತ್ತಾರೆ: ಮೊದಲು ಮಾರು, ಆಮೇಲೆ ಸಾಲ ತೀರಿಸು, ಉಳಿದದ್ದರಿಂದ ನೀನೂ ಮಕ್ಕಳೂ ಬದುಕಿರಿ. ಪವಾಡವು ಎಣ್ಣೆಯಲ್ಲಿತ್ತು, ಮಾರುವ ಕೆಲಸ ಆ ಹೆಂಗಸಿನದೇ ಆಗಿತ್ತು. ಬರವಣಿಗೆಯನ್ನು ಮನೆಯಲ್ಲಿರುವ ಎಣ್ಣೆಯ ಮೊಗೆಯೆಂದು ಭಾವಿಸಬಹುದೇ ಎಂಬುದೇ ಈಗಿನ ಪ್ರಶ್ನೆ.

ಭಾವಿಸಿದವರು ಇದ್ದಾರೆ. ಕಾರವಾರದ ಸಮುದ್ರತೀರಕ್ಕೆ ಇಂದು ಯಾರ ಹೆಸರಿದೆಯೋ ಆ ರವೀಂದ್ರನಾಥ ಠಾಕೂರರು 1883ರಲ್ಲಿ ಇಲ್ಲಿಗೆ ಬಂದಾಗ 22 ವರ್ಷದ ತರುಣರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಬೆಳದಿಂಗಳಲ್ಲಿ ಕಾಳೀ ನದಿಯ ಮೇಲೆ ನಾವೆಯಲ್ಲಿ ಹೋದದ್ದು, ಇಲ್ಲಿಯೇ 'ಪ್ರಕೃತಿರ್ ಪ್ರತಿಶೋಧ' ಎಂಬ ನಾಟಕವನ್ನು ಬರೆದದ್ದು ಇವನ್ನು ನಮ್ಮ ಹುಡುಗಿಯರು ಪ್ರತಿ ವರ್ಷ ಭಾಷಣಸ್ಪರ್ಧೆಯಲ್ಲಿ ಹೇಳುವರು. ಅವರು ಹೇಳದೆ ಬಿಡುವ ಭಾಗವೇ ನಮಗೆ ಹೆಚ್ಚು ಪ್ರಿಯ. 1901ರಲ್ಲಿ ಶಾಂತಿನಿಕೇತನದ ಶಾಲೆಯನ್ನು ತೆರೆದಾಗ ಠಾಕೂರರ ಕೈಯಲ್ಲಿ ಹಣವಿರಲಿಲ್ಲ, ಸಾಲವಿತ್ತು. ಪತ್ನಿಯು ತನ್ನ ಆಭರಣಗಳನ್ನು ಕೊಟ್ಟಳು. ಅವರು ತಮ್ಮ ಪುಸ್ತಕಗಳ ಹಕ್ಕನ್ನು ಮಾರಿದರು. ಮುಂದೆ 1905ರಲ್ಲಿ ತಮ್ಮ ಮನೆತನದ ಜಮೀನಿದ್ದ ಪತಿಸರದಲ್ಲಿ ರೈತರು ಸಾವಕಾರರ ಹಿಡಿತದಿಂದ ಬಿಡಿಸಿಕೊಳ್ಳಲೆಂದು ಒಂದು ಕೃಷಿ ಬ್ಯಾಂಕನ್ನು ಸ್ಥಾಪಿಸಿದರು. 1913ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಅದರ ಒಂದು ಲಕ್ಷಕ್ಕೂ ಮಿಕ್ಕ ರೂಪಾಯಿಗಳನ್ನು ಆ ಬ್ಯಾಂಕಿನಲ್ಲಿಟ್ಟರು. ಕವಿತೆಯಿಂದ ಬಂದ ಹಣವು ಬೇಸಾಯಗಾರರ ಬಡ್ಡಿಯನ್ನು ಇಳಿಸಲು ಹೋಯಿತು. ಆ ಮೊತ್ತವು ಪೂರ್ತಿಯಾಗಿ ಹಿಂದಿರುಗಲಿಲ್ಲವೆಂಬುದನ್ನೂ ಹೇಳಿಬಿಡುವದು ನ್ಯಾಯ.

ಆದರೆ ಠಾಕೂರರ ಮಾತು ದೊಡ್ಡದು. ಜಮೀನುದಾರರ ಮಗನ ಸಾಲವೂ ಮೀನುಗಾರನ ಮನೆಯ ಸಾಲವೂ ಒಂದೇ ತೂಕದವಲ್ಲ. ನಮ್ಮ ಶಿಷ್ಯೆಗೆ ನಾವು ಹೇಳಿದ್ದು ಹೆಣ್ಣುಮಕ್ಕಳ ಕಥೆಗಳನ್ನು. 'ಲಿಟಲ್ ವಿಮೆನ್' ಎಂಬ ಪುಸ್ತಕವನ್ನು ನಮ್ಮ ವಾಚನಾಲಯದಲ್ಲಿ ಓದದ ಹುಡುಗಿಯರು ಕಡಿಮೆ. ಅದನ್ನು ಬರೆದ ಲೂಯಿಸಾ ಮೇ ಆಲ್ಕಾಟಳ ತಂದೆಯು ತತ್ತ್ವಜ್ಞಾನಿ. ಮನೆಯಲ್ಲಿ ಊಟಕ್ಕೆ ತತ್ವಾರ. ಆಕೆ ಹೊಲಿದಳು, ಪಾಠ ಹೇಳಿದಳು, ಪರರ ಮನೆಯಲ್ಲಿ ಕೆಲಸಕ್ಕಿದ್ದಳು, ಹೆಸರು ಮರೆಮಾಡಿ ರೋಮಾಂಚಕಾರಿ ಕಥೆಗಳನ್ನೂ ಬರೆದು ಮಾರಿದಳು. 1868ರಲ್ಲಿ ಪ್ರಕಾಶಕನೊಬ್ಬನು ಹುಡುಗಿಯರಿಗಾಗಿ ಒಂದು ಕಥೆ ಬೇಕೆಂದು ಕೇಳಿದಾಗ ಆಕೆಗೆ ಅಷ್ಟೇನೂ ಉತ್ಸಾಹವಿರಲಿಲ್ಲ, ಸಾಲವಿದ್ದುದರಿಂದ ಬರೆದಳು. ಇಡಿಗಂಟು ಹಣ ತೆಗೆದುಕೊಂಡು ಹಕ್ಕನ್ನು ಬಿಟ್ಟುಕೊಡುವ ಬದಲು ಹಕ್ಕನ್ನು ತನ್ನಲ್ಲಿಯೇ ಇಟ್ಟುಕೊಳ್ಳುವಂತೆ ಆ ಪ್ರಕಾಶಕನೇ ಸಲಹೆ ಕೊಟ್ಟನಂತೆ. ಅಂಥ ಪ್ರಕಾಶಕರು ಎಲ್ಲ ಕಾಲಕ್ಕೂ ದುರ್ಲಭ. ಆ ಒಂದು ನಿರ್ಧಾರದಿಂದಲೇ ತಂದೆಯ ಹಳೆಯ ಸಾಲಗಳೆಲ್ಲ ತೀರಿದವು.

ಸ್ಕಾಟ್ಲಂಡದ ಮಾರ್ಗರೆಟ್ ಆಲಿಫೆಂಟ್ ಎಂಬಾಕೆಯ ಹೆಸರು ನಮ್ಮಲ್ಲಿ ಅಷ್ಟು ಪ್ರಚಾರದಲ್ಲಿಲ್ಲ. 1859ರಲ್ಲಿ ರೋಮ್ ನಗರದಲ್ಲಿ ಆಕೆಯ ಗಂಡನು ಕ್ಷಯದಿಂದ ತೀರಿಕೊಂಡನು. ಎರಡು ಮಕ್ಕಳು, ಮೂರನೆಯದು ಗರ್ಭದಲ್ಲಿ, ತಲೆಯ ಮೇಲೆ ಸುಮಾರು 1,000 ಪೌಂಡು ಸಾಲ. ಊರಿಗೆ ಬಂದು ಪ್ರಕಾಶಕರ ಬಳಿಗೆ ಹೋದರೆ ಅವರು ಆಕೆಯ ಕಥೆ ಬೇಡವೆಂದರು. ಮನೆಗೆ ಬಂದು ಮಕ್ಕಳನ್ನು ಮಲಗಿಸಿ ರಾತ್ರಿಯೆಲ್ಲ ಕುಳಿತು ಬರೆಯತೊಡಗಿದ ಕಥೆಯಿಂದಲೇ ಆಕೆಯ ಹೆಸರುವಾಸಿಯಾದ ಮಾಲಿಕೆಯು ಹುಟ್ಟಿತು. ಆಕೆ ಸಾಲ ತೀರಿಸಿದಳು, ಮಕ್ಕಳನ್ನು ಓದಿಸಿದಳು, ಅಣ್ಣನ ಮಕ್ಕಳನ್ನೂ ಸಾಕಿದಳು. ಹೀಗೆ 1897ರಲ್ಲಿ ಸಾಯುವ ವರೆಗೂ ಬರೆಯುತ್ತಲೇ ಇದ್ದು ಸುಮಾರು ನೂರು ಪುಸ್ತಕಗಳನ್ನು ಬಿಟ್ಟುಹೋದಳು. ಅವಸರವಿಲ್ಲದಿದ್ದರೆ ಇನ್ನೂ ಚೆನ್ನಾಗಿ ಬರೆಯುತ್ತಿದ್ದೆನೇನೋ ಎಂಬ ಕೊರಗು ಆಕೆಯ ಆತ್ಮಕಥೆಯಲ್ಲಿ ಕಾಣುತ್ತದೆ. ಸಾಲವು ಬರೆಯಿಸುತ್ತದೆ, ನಿಜ, ತಿದ್ದಲು ಬಿಡುವದಿಲ್ಲ. ಸರ್ ವಾಲ್ಟರ್ ಸ್ಕಾಟನ ಪಾಡೂ ಅದೇ: 1826ರಲ್ಲಿ ಒಂದು ಲಕ್ಷ ಪೌಂಡಿಗೂ ಹೆಚ್ಚಿನ ಸಾಲವನ್ನು ಹೆಗಲಿಗೇರಿಸಿಕೊಂಡು, ದಿವಾಳಿ ತೆಗೆಯಲು ಒಪ್ಪದೆ, ಆರು ವರ್ಷ ಬರೆದು ದೇಹವನ್ನು ಸವೆಸಿದನು. ಅವನು ಸತ್ತ ಬಳಿಕ ಪುಸ್ತಕಗಳ ಹಕ್ಕುಗಳಿಂದ ಉಳಿದ ಸಾಲವು ತೀರಿತು. ಆದರೆ ಅವನಿಗೆ ಮೊದಲೇ ಹೆಸರಿತ್ತು. ಹೆಸರಿಲ್ಲದವರು ಅವನನ್ನು ಮೇಲ್ಪಂಕ್ತಿಯಾಗಿ ಇಟ್ಟುಕೊಳ್ಳುವದು ಅಪಾಯ.

ನಮ್ಮ ನಾಡಿನ ಕಡೆಗೆ ಬರೋಣ. ಕಾರ್ಕಳದ ಮಾಳದ ಬಳಿಯ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರನ್ನು ಮಹಾರಾಷ್ಟ್ರದವರು ತಮ್ಮವರೆನ್ನುವರು. ನಾವೂ ಅಷ್ಟೇ ಹಕ್ಕಿನಿಂದ ನಮ್ಮವರೆನ್ನಬಹುದು. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗಾಗಿ ಜನರ ನಿಂದೆಗೆ ಗುರಿಯಾದ ಅನಂತಶಾಸ್ತ್ರಿಗಳು ಕಾಡಿನಲ್ಲಿ ಮನೆ ಮಾಡಿದ್ದರು. ರಮಾಬಾಯಿಯವರು ಆರು ತಿಂಗಳ ಕೂಸಾಗಿದ್ದಾಗ ಆ ಮನೆಯನ್ನೂ ಬಿಡಬೇಕಾಯಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಬೆಟ್ಟದಿಂದ ಕೆಳಗಿಳಿಸಿದರು. ಮುಂದೆ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿದರು. ಅಣ್ಣನೂ ಹೋದ ಮೇಲೆ 1880ರಲ್ಲಿ ಮದುವೆ; 1882ರಲ್ಲಿ ವಾಂತಿಭೇದಿಯಿಂದ ಗಂಡನ ಮರಣ. ಹಸುಗೂಸು ಮನೋರಮೆಯನ್ನು ಎತ್ತಿಕೊಂಡು ಪುಣೆಗೆ ಬಂದಾಗ 24 ವರ್ಷದ ಆ ತಾಯಿಯ ಬಳಿ ಇದ್ದ ಆಸ್ತಿಯೆಂದರೆ ಬಾಯಿಪಾಠವಾಗಿದ್ದ ಗ್ರಂಥಗಳು.

ಅದೇ ವರ್ಷ ಆಕೆ 'ಸ್ತ್ರೀಧರ್ಮನೀತಿ' ಎಂಬ ಮರಾಠೀ ಪುಸ್ತಕವನ್ನು ಬರೆದರು. ಅದರ ಮಾರಾಟದಿಂದ ಬಂದ ಹಣವೇ ಮಾರನೆಯ ವರ್ಷ ಇಂಗ್ಲೆಂಡಿಗೆ ಹೋಗುವ ಹಡಗಿನ ವೆಚ್ಚಕ್ಕೆ ಒದಗಿತು. ಅಲ್ಲಿ ವಾಂಟೇಜ್ ಊರಿನ ಸಿಸ್ಟರುಗಳ ಆಶ್ರಯದಲ್ಲಿದ್ದು, 1883ರ ಸೆಪ್ಟೆಂಬರದಲ್ಲಿ ದೀಕ್ಷಾಸ್ನಾನ ಹೊಂದಿ, ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಓದುತ್ತಲೂ ಸಂಸ್ಕೃತ ಕಲಿಸುತ್ತಲೂ ಇದ್ದರು. ಪರರ ಅನ್ನ ತಿನ್ನುವವರು ಪರರ ಮಾತಿನಂತೆ ನಡೆಯಬೇಕೆಂಬ ನಿರೀಕ್ಷೆ ಎಲ್ಲ ದೇಶದಲ್ಲಿಯೂ ಇದೆ. ಮತವಿಚಾರದಲ್ಲಿ ಕೂಡ ತಮ್ಮ ಬುದ್ಧಿಗೆ ಒಪ್ಪದ್ದನ್ನು ರಮಾಬಾಯಿಯವರು ಒಪ್ಪಲಿಲ್ಲ. ಈ ಬಗೆಯ ಋಣಕ್ಕೆ ಬಡ್ಡಿಯ ದರವನ್ನು ಯಾರೂ ಬರೆದುಕೊಡುವದಿಲ್ಲ. ಆದರೂ ಅದು ಬೆಳೆಯುತ್ತದೆ. 1886ರಲ್ಲಿ ಆನಂದಿಬಾಯಿ ಜೋಶಿಯವರ ವೈದ್ಯಕೀಯ ಪದವೀದಾನಕ್ಕೆಂದು ಅಮೇರಿಕೆಗೆ ಹೋದಾಕೆ ಅಲ್ಲಿಯೇ ನಿಂತು 1887ರಲ್ಲಿ 'ದಿ ಹೈ ಕಾಸ್ಟ್ ಹಿಂದೂ ವುಮನ್' ಎಂಬ ಗ್ರಂಥವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅದು ಸಹಸ್ರಾರು ಪ್ರತಿಗಳಾಗಿ ಮಾರಾಟವಾಯಿತು. ಆ ಗ್ರಂಥವೂ ಆಕೆಯ ಭಾಷಣಗಳೂ ಎಬ್ಬಿಸಿದ ಸಹಾನುಭೂತಿಯಿಂದ ಬಾಸ್ಟನ್ ನಗರದಲ್ಲಿ ಒಂದು ಸಂಘವು ಕೂಡಿ, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಒಬ್ಬ ವಿಧವೆಯ ಬರವಣಿಗೆಯು ಎಷ್ಟೋ ವಿಧವೆಯರಿಗೆ ಸೂರಾಯಿತು.

ಕನ್ನಡದಲ್ಲಿಯೂ ಇಂಥವರು ಇದ್ದಾರೆ. ಬಾಲ್ಯದಲ್ಲಿಯೇ ವಿಧವೆಯಾದ ನಂಜನಗೂಡು ತಿರುಮಲಾಂಬಾ ಅವರು 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿ, ತಾವೇ ಬರೆದು ತಾವೇ ಪ್ರಕಟಿಸಿದರು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಗಂಟಿನ ಭಾರವನ್ನು ನೆನೆದರೆ ಕನ್ನಡದಲ್ಲಿ ಬರೆದು ಬದುಕುವೆನೆಂಬ ಮಾತನ್ನು ಯಾರೂ ಹಗುರಾಗಿ ಆಡಲಾರರು.

ಇನ್ನು ನಮ್ಮ ಶಿಷ್ಯೆಯ ವಹಿ. ಮೊದಲ ಆರು ತಿಂಗಳಲ್ಲಿ ಆಕೆ 11 ಲೇಖನಗಳನ್ನು ಪತ್ರಿಕೆಗಳಿಗೆ ಕಳುಹಿದಳು: ಒಣಮೀನು ಹಾಕುವ ಬಗೆ, ಅಜ್ಜಿಯ ಮದ್ದು, ಬಂಡಿಹಬ್ಬದ ನೆನಪು, ಕಡಲಿಗೆ ಹೋದವರ ದಾರಿ ಕಾಯುವ ರಾತ್ರಿ. ನಾಲ್ಕು ಅಚ್ಚಾದವು. ಎರಡಕ್ಕೆ ಸಂಭಾವನೆ ಬಂದಿತು. ಒಟ್ಟು 1,100 ರೂಪಾಯಿ. ಸಾವಕಾರನ ಬಡ್ಡಿಯು ತಿಂಗಳಿಗೇ 1,200. ಅಂದರೆ ಆರು ತಿಂಗಳ ಲೇಖನಿಯ ಫಲವು ಒಂದು ತಿಂಗಳ ಬಡ್ಡಿಗೂ ಎಟಕಲಿಲ್ಲ. ಕೊನೆಯದಾಗಿ ಹೇಳಿದ ಲೇಖನವು ಬಹಳ ಸೊಗಸಾಗಿತ್ತು. ಅದಕ್ಕೇ ಕಾಸು ಬರಲಿಲ್ಲ.

ಆಗ ನಾವು ಬರವಣಿಗೆಯ ಮಾತನ್ನು ಸ್ವಲ್ಪ ಬದಿಗಿರಿಸಿ, ಮೊದಲು ಬಡ್ಡಿಯನ್ನು ಇಳಿಸು ಎಂದೆವು. ಆಕೆ ತನ್ನ ಎರಡು ಬಳೆಗಳನ್ನು ಒಂದು ಸಹಕಾರಿ ಸಂಘದಲ್ಲಿ ವರ್ಷಕ್ಕೆ ನೂರಕ್ಕೆ ಹನ್ನೊಂದರಂತೆ ಒತ್ತೆಯಿಟ್ಟು ಸಾವಕಾರನ 40,000ವನ್ನು ತೀರಿಸಿದಳು. ವರ್ಷಕ್ಕೆ 14,400 ಆಗುತ್ತಿದ್ದ ಬಡ್ಡಿಯು 4,400ಕ್ಕೆ ಇಳಿಯಿತು. ಆ ಮೊದಲ ವರ್ಷ ಆಕೆಯ ಬರವಣಿಗೆಯ ಒಟ್ಟು ಗಳಿಕೆ 8,600. ಬರೆದು ಗಳಿಸಿದ್ದಕ್ಕಿಂತ ಬಳೆಗಳು ಉಳಿಸಿಕೊಟ್ಟ 10,000ವೇ ಹೆಚ್ಚು. ಬಳೆ ಒತ್ತೆಯಿಡುವದನ್ನು ಅಪಮಾನವೆಂದು ಭಾವಿಸಿ ಕೈಗಡದ ಸಾಲವನ್ನು ಮಾನವೆಂದು ಬಗೆಯುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ!

ವಾರದ ಹಫ್ತೆಯವರು ಮಾತ್ರ ಮನೆಯ ಮುಂದೆ ಬಂದು ನಿಲ್ಲುತ್ತಿದ್ದರು. ನೆರೆಯವರಿಗೆ ಕೇಳುವಂತೆ ತಗಾದೆ ಮಾಡುತ್ತಿದ್ದರು. ಪಾಲಕರಿಗೆ ತಿಳಿದಿರಲೆಂದು ಬರೆಯುವೆವು: ಮಿತಿಮೀರಿದ ಬಡ್ಡಿಯನ್ನು ನಿಷೇಧಿಸುವ ಕಾಯದೆಯು ನಮ್ಮ ರಾಜ್ಯದಲ್ಲಿ 2004ರಿಂದ ಇದೆ. 2025ರ ಫೆಬ್ರವರಿಯಲ್ಲಿ ಕಿರುಸಾಲದವರ ಬಲವಂತದ ವಸೂಲಿಯನ್ನು ತಡೆಯಲು ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿತು. ಅದರಲ್ಲಿ ಹತ್ತು ವರ್ಷದ ವರೆಗೆ ಸೆರೆವಾಸವನ್ನೂ ಐದು ಲಕ್ಷದ ವರೆಗೆ ದಂಡವನ್ನೂ ವಿಧಿಸಿದೆ. ಇದನ್ನು ಒಂದು ಹಾಳೆಯಲ್ಲಿ ಅಂದವಾಗಿ ಬರೆದು ಬಾಗಿಲಿನ ಬಳಿ ಅಂಟಿಸಿದ್ದು ಆಕೆಯ ಬರವಣಿಗೆಯ ಅತ್ಯಂತ ಪ್ರಯೋಜನಕಾರಿಯಾದ ಮಾದರಿಯೆಂದು ನಾವು ತಮಾಷೆಗೆ ಹೇಳುವದುಂಟು. ಸಾಲವಂತೂ ಸಾಲವೇ, ಅದನ್ನು ಆಕೆ ಕೊಡುತ್ತಲೇ ಇದ್ದಾಳೆ. ಕೂಗಾಟ ಮಾತ್ರ ನಿಂತಿದೆ.

8,600ರಲ್ಲಿ 1,100 ಸ್ವಂತ ಲೇಖನಗಳದಾದರೆ ಉಳಿದ 7,500 ಎಲ್ಲಿಯದು? ಪರರ ಬರವಣಿಗೆಯದು. ಕಾರವಾರದ ಒಂದು ಮುದ್ರಣಾಲಯದವರಿಗೆ ಕರಡು ತಿದ್ದುವವರು ಬೇಕಾಗಿದ್ದರು. ಒಂದು ಇಗರ್ಜಿಯ ಇತಿಹಾಸವನ್ನು ಕೊಂಕಣಿಯಿಂದ ಕನ್ನಡಕ್ಕೆ ತರಬೇಕಾಗಿತ್ತು. ನಮ್ಮ ಕಡೆಯ ಹೆಣ್ಣುಮಕ್ಕಳು ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತ ಬೆಳೆಯುವರು. ಅದನ್ನೊಂದು ಬಂಡವಾಳವೆಂದು ಅವರಿಗೆ ಯಾರೂ ಹೇಳಿರುವದಿಲ್ಲ. ಸ್ವಂತ ಹೆಸರಿನಲ್ಲಿ ಅಚ್ಚಾಗುವ ಸಂತೋಷವು ಇದರಲ್ಲಿಲ್ಲ, ಹಣವು ಹೇಳಿದ ದಿನಕ್ಕೆ ಬರುತ್ತದೆ. ಎರಡನೆಯ ವರ್ಷ ಈ ಕೆಲಸವೇ ಬೆಳೆದು ಸಂಘದ ಬಡ್ಡಿಯನ್ನೂ ಮಕ್ಕಳ ಫೀಯನ್ನೂ ಹೊರುವಷ್ಟಾಯಿತು. ಅಸಲು ಇನ್ನೂ ಇದೆ. ಅದನ್ನು ದೋಣಿಯೇ ತೀರಿಸಬೇಕು.

ಮನೆಯಲ್ಲಿ ಕುಳಿತು ಬರೆದು ತಿಂಗಳಿಗೆ ಸಾವಿರಾರು ಗಳಿಸಿರಿ ಎಂಬ ಜಾಹೀರಾತುಗಳ ಬಗ್ಗೆ ಒಂದು ಮಾತು. ಮೊದಲು ನೋಂದಣಿಯ ಹಣ ಕೊಡು, ಆಮೇಲೆ ಕೆಲಸ ಕೊಡುವೆವು ಎನ್ನುವವರು ಕೆಲಸ ಕೊಡುವವರಲ್ಲ. ಕೆಲವರು ಕೆಲಸ ಮಾಡಿಸಿಕೊಂಡು, ತಪ್ಪಾಗಿದೆಯೆಂದು ಹೇಳಿ ದಂಡ ಕೇಳುವರು, ವಕೀಲರ ಹೆಸರಿನಿಂದ ಬೆದರಿಸುವರು. ಈ ಬಲೆಗೆ ಬೀಳುವವರು ಹೆಚ್ಚಾಗಿ ಸಾಲದಲ್ಲಿರುವವರೇ. ಅವಸರವಿದ್ದವರಿಗೆ ಆಸೆ ಬೇಗ ಹುಟ್ಟುವದು. ಹಾಗೆ ಹಣ ಹೋದ ಪಕ್ಷಕ್ಕೆ ಅಳುತ್ತ ಕೂಡದೆ ಕೂಡಲೆ 1930 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ದೂರು ಕೊಡತಕ್ಕದ್ದು.

ಹಕ್ಕಿನ ವಿಷಯವೂ ಹಾಗೆಯೇ ತಿಳಿದಿರಬೇಕಾದದ್ದು. 1957ರ ಕೃತಿಸ್ವಾಮ್ಯದ ಕಾಯದೆಯ ಮೇರೆಗೆ ಬರೆದವರ ಜೀವಮಾನವೂ ಆ ಮೇಲಿನ 60 ವರ್ಷಗಳೂ ಹಕ್ಕು ಅವರದು, ಅವರ ಮಕ್ಕಳದು. ಹಕ್ಕನ್ನು ಬರೆದುಕೊಡುವಾಗ ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷಕ್ಕೆಂದೇ ತಿಳಿಯತಕ್ಕದ್ದೆಂದು ಅದೇ ಕಾಯದೆಯಲ್ಲಿದೆ. ನಮ್ಮ ಶಿಷ್ಯೆಯ ಮುಂದೆ ಒಬ್ಬರು ಎಲ್ಲ ಹಕ್ಕುಗಳೂ ಶಾಶ್ವತವಾಗಿ ಎಂಬ ಕಾಗದವನ್ನು ಇಟ್ಟಿದ್ದರು. ಆಕೆ ಆಲ್ಕಾಟಳನ್ನು ನೆನೆದು ಸಹಿ ಮಾಡದೆ ಎದ್ದುಬಂದಳು. ಮನೆಯಲ್ಲಿ ಅಕ್ಕಿ ಮುಗಿದಿದ್ದ ವಾರ ಅದು. ಠಾಕೂರರಂತೆ ಮಾರಿಬಿಡುವ ಪ್ರಸಂಗವೂ ಒಂದೊಂದು ಮನೆಗೆ ಬರಬಹುದು, ಅದನ್ನು ನಾವು ಹಳಿಯುವದಿಲ್ಲ. ಏನನ್ನು ಮಾರುತ್ತಿರುವೆವೆಂಬುದನ್ನು ಓದಿ ತಿಳಿದು ಮಾರಿದರೆ ಸಾಕು.

ಆ ಕಾಗದದಲ್ಲಿದ್ದ ಪುಸ್ತಕವು ಈಗ ನಮ್ಮ ಮೇಜಿನ ಮೇಲಿದೆ. ಕಡಲಿಗೆ ಹೋದವರ ದಾರಿ ಕಾಯುವ ರಾತ್ರಿ ಎಂದು ಮೊದಲು ಬರೆದ ಲೇಖನವನ್ನೇ ಬೆಳೆಸಿ ಆಕೆ 90 ಪುಟ ಮಾಡಿರುವಳು; ಬಲೆ, ಗಾಳಿ, ಮೀನುಗಳ ಹೆಸರುಗಳು, ಅತ್ತೆಯವರು ಹೇಳಿದ ಕಥೆಗಳು, ಹಫ್ತೆಯ ಮಂಗಳವಾರಗಳು ಎಲ್ಲವೂ ಅದರಲ್ಲಿವೆ. ಅಕ್ಷರಗಳನ್ನು ನಾವು ತಿದ್ದಿರುವೆವು, ಮಾತುಗಳನ್ನು ಮುಟ್ಟಿಲ್ಲ. ಮುದ್ರಕರ ಅಂದಾಜುಪಟ್ಟಿಯೂ ಬಂದಿದೆ. ಸಾಲ ಮಾಡಿ ಅಚ್ಚು ಹಾಕಿಸುವದು ಬೇಡವೆಂದು ಆಕೆಯೂ ನಾವೂ ಕೂಡಿಯೇ ನಿಶ್ಚಯಿಸಿರುವೆವು. ಹಿಂದಿನವರ ಪದ್ಧತಿಯಂತೆ ಮುಂಗಡ ಚಂದಾದಾರರು ಇನ್ನೂರು ಮಂದಿ ಕೂಡಿದರೆ ವೆಚ್ಚವು ಹೊರಡುವದು. ಇದನ್ನು ಬರೆಯುವ ಹೊತ್ತಿಗೆ 63 ಹೆಸರುಗಳಾಗಿವೆ. ಚಂದಾದಾರರ ಯಾದಿಯನ್ನು ಶಾಲೆಯ ಕಚೇರಿಯಲ್ಲಿ, ಎದುರಿನ ಬೆಂಚಿಗೆ ಹತ್ತಿರವಾಗಿ ಇಟ್ಟಿರುವೆವು.